ಹನ್ನೊಂದು ನಿಮಿಷದ ಅಳು

ಸಾವಾಗದ ಮನೆಯಲ್ಲಿ ಸಾವಿನ ಅಳು ಅಳಬಾರದು ಅಂತ ನಮ್ಮ ಕಡೆ ಒಂದು ಕಟ್ಟುಪಾಡಿದೆ. ನಾನು ಅತ್ತುಬಿಟ್ಟೆ. ಅದೂ ಸ್ಪೀಕರ್ ಹಾಕಿಕೊಂಡು, ಗಿಟಾರು ಬಾರಿಸಿಕೊಂಡು, ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ. ಆ ಅಳು ಈಗ ನನ್ನ ಆಲ್ಬಮ್ಮಿನ ಏಳನೆಯ ಹಾಡು. "ಅದೊಂದನ್ನ ತೆಗೆದುಬಿಡು" ಅಂತ ಹೇಳದವರೇ ಇಲ್ಲ. ನಾನು ತೆಗೆಯಲಿಲ್ಲ. ಯಾಕೆ ತೆಗೆಯಲಿಲ್ಲ ಅಂತ ಬರೆದಿಡೋಣ ಎಂದು ಕೂತಿದ್ದೇನೆ. ಇದನ್ನು ಯಾರೂ ತಪ್ಪೊಪ್ಪಿಗೆ ಅಂದುಕೊಳ್ಳಬೇಡಿ.

ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ತಗಡು ಅಚ್ಚೊತ್ತುವ ಪ್ರೆಸ್ಸಿನ ಮುಂದೆ ಹನ್ನೆರಡು ವರ್ಷದಿಂದ ನಿಂತಿದ್ದೇನೆ. ನಿಟ್ಟೂರಿನ ಮನೆಯಿಂದ ಸ್ಟೇಷನ್ನಿಗೆ ಸ್ಕೂಟರು, ತುಮಕೂರಿಗೆ ರೈಲು, ಅಲ್ಲಿಂದ ಬಸ್ಸು. ಪ್ರೆಸ್ಸು 'ಢಮ್' ಅನ್ನುತ್ತದೆ, ಒಂದು ಉಸಿರು ಬಿಡುತ್ತದೆ, ಮತ್ತೆ 'ಢಮ್' ಅನ್ನುತ್ತದೆ. ಕಂಪನಿಯವರು ಕೊಟ್ಟ ಹಳದಿ ಬಿರಡೆಯನ್ನು ಕಿವಿಗೆ ತುರುಕಿಕೊಂಡರೂ ಅದು ಹಲ್ಲಿನ ಬುಡದಲ್ಲಿ ಕೇಳುತ್ತಲೇ ಇರುತ್ತದೆ. "ಈ ರಾಕು ಗೀಕು ಎಲ್ಲಿ ಕಲಿತೆ?" ಅಂತ ಕೇಳುವವರಿಗೆ ನಾನು ಹೇಳುವುದು ಈ ಪ್ರೆಸ್ಸಿನ ಹೆಸರನ್ನೇ. ಗಿಟಾರನ್ನು ತುಮಕೂರಿನಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಹಾಸ್ಟೆಲ್ ಹುಡುಗಿಯೊಬ್ಬಳಿಂದ ಕೊಂಡೆ. ಬೆರಳಿಡುವುದನ್ನು ಫೋನು ನೋಡಿ ಕಲಿತೆ. ಹಾಡುವುದನ್ನು ಮಾತ್ರ ದೊಡ್ಡವ್ವನಿಂದ ಕಲಿತೆ.

ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಕ್ಕಳೂ ಇಲ್ಲದೆ, ನಮ್ಮ ಮನೆಯಲ್ಲೇ ಇದ್ದಳು. ಎರಡು ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಒಂದು, ಕೊಬ್ಬರಿ ನೋಡುವುದು. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ವರ್ಷ ಒಪ್ಪತ್ತು ಬಿಟ್ಟರೆ ಒಳಗಿನ ನೀರು ಹಿಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗುತ್ತದೆ. ಅಲ್ಲಾಡಿಸಿದರೆ ಒಳಗೆ ಗುಂಡು ಉರುಳಿದ ಸದ್ದು. ದೊಡ್ಡವ್ವ ಕಾಯನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಏನಂತೈತೆ ಕೇಳು" ಅನ್ನುತ್ತಿದ್ದಳು. ಬೇರೆ ಮಕ್ಕಳು ಸರಿಗಮ ಕಲಿತ ವಯಸ್ಸಿನಲ್ಲಿ ನಾನು ಕಲಿತದ್ದು ಇದನ್ನು.

ಇನ್ನೊಂದು ಕೆಲಸ ಅಳುವುದು. ನಗಬೇಡಿ, ಅದೂ ಕೆಲಸವೇ. ಯಾರಾದರೂ ಸತ್ತರೆ ಹೆಂಗಸರು ತಲೆಯ ಹತ್ತಿರ ಕೂತು ಹಾಡಿಕೊಂಡು ಅಳುತ್ತಾರಲ್ಲ, ಸತ್ತವರ ಬಾಳನ್ನೆಲ್ಲ ಒಂದೊಂದಾಗಿ ಎತ್ತಿ ಹೇಳುತ್ತಾ, ಆ ಅಳು. ನನಗೆ ಏಳು ವರ್ಷವಾಗಿದ್ದಾಗ ಅಪ್ಪ ಹೋದರು. ದೊಡ್ಡವ್ವ ಸೆರಗು ಬಾಯಿಗಿಟ್ಟುಕೊಂಡು ಸಣ್ಣಗೆ ಶುರು ಮಾಡಿದಳು. ಅಪ್ಪ ಸೈಕಲ್ ಕಲಿಯಲು ಹೋಗಿ ಕತ್ತಾಳೆ ಬೇಲಿಗೆ ಬಿದ್ದದ್ದು ಬಂತು. ಸಾರಿಗೆ ಉಪ್ಪು ಕಮ್ಮಿಯಾದರೆ ತಟ್ಟೆ ದೂಡಿ ಏಳುತ್ತಿದ್ದದ್ದು ಬಂತು. "ತಂಗೀನ ಕಣ್ಣೀರಾಕ್ಸಿ ಎದ್ದೋಯ್ತಿದ್ದಲ್ಲೋ, ಈಗ ಯಾರ್ ಮ್ಯಾಲೆ ಮುನಿಸ್ಕಂಡು ಎದ್ದೋದ್ಯೋ" ಅಂದಳು. ಅಲ್ಲಿದ್ದ ಗಂಡಸರು ತಲೆ ಬಗ್ಗಿಸಿದರು. ಸತ್ತವರನ್ನು ಎಲ್ಲರೂ ಹೊಗಳುತ್ತಾರೆ. ಬೈಯುವ ಹಕ್ಕಿದ್ದದ್ದು ಆ ಅಳುವಿಗೆ ಮಾತ್ರ. ಸುತ್ತಲಿನ ಊರುಗಳಲ್ಲಿ ಸಾವಾದರೆ ಅವಳನ್ನು ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು.

ಆ ಅಳುವಿಗೆ ಇನ್ನೊಂದು ಗುಣವಿತ್ತು. ಅದು ಕರೆ. ತೋಟದಾಚೆ ಕೇಳಿದರೆ ಸಾಕು, ಯಾರೂ ಯಾರಿಗೂ ಹೇಳಿ ಕಳಿಸಬೇಕಾಗಿರಲಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಜನ ಬರುತ್ತಿದ್ದರು. ಬಂದವರು ಸ್ನಾನ ಮಾಡದೆ ತಮ್ಮ ಮನೆಯ ಹೊಸಿಲು ದಾಟುವ ಹಾಗಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ, ಊಟ ಅಕ್ಕಪಕ್ಕದವರೇ ತರಬೇಕು.

ಊರಿಗೆಲ್ಲ ಅತ್ತವಳು ಸತ್ತದ್ದು ಆ ಕಾಯಿಲೆಯ ವರ್ಷದಲ್ಲಿ. ತುಮಕೂರಿನ ಆಸ್ಪತ್ರೆಗೆ ಹೋದವಳು ಪ್ಲಾಸ್ಟಿಕ್ ಚೀಲದೊಳಗೆ ನಮ್ಮ ತೋಟಕ್ಕೆ ವಾಪಸ್ ಬಂದಳು. ಮೈತುಂಬ ಬಿಳಿ ಕವಚ ಹಾಕಿಕೊಂಡವರು ಇಳಿಸಿದರು. ನಾನು, ಅವ್ವ, ಕುಣಿಗಲ್ಲಿನಿಂದ ಬಂದಿದ್ದ ಸೋದರಮಾವ, ಮೂವರೂ ದೂರದ ತೆಂಗಿನ ಮರದ ಬುಡದಲ್ಲಿ ನಿಂತಿದ್ದೆವು. ಜೆಸಿಬಿ ಮಣ್ಣು ತಳ್ಳಲು ಶುರು ಮಾಡಿದಾಗ ನನ್ನ ಗಂಟಲು ತಾನಾಗಿ ತೆರೆಯಿತು. ಅವ್ವ ಓಡಿಬಂದು ನನ್ನ ಬಾಯಿಗೆ ಕೈ ಒತ್ತಿದಳು. "ಬಾಯ್ಮುಚ್ಚೇ. ಅತ್ರೆ ಜನ ಬಂದ್ಬುಡ್ತಾರೆ. ಬಂದೋರಿಗೂ ಅಂಟ್ಕಂಡ್ರೆ ಯಾರ್ ಹೊಣೆ?" ಕೈಯಲ್ಲಿ ಸ್ಯಾನಿಟೈಸರ್ ವಾಸನೆ. ಅವಳು ಹೇಳಿದ್ದು ಸರಿಯೇ ಇತ್ತು. ಸರಿಯಾಗಿದ್ದಕ್ಕೇ ನನಗೆ ಇವತ್ತಿಗೂ ಸಿಟ್ಟು. ಸುತ್ತೂರಿಗೆಲ್ಲ ಅತ್ತವಳನ್ನು ನಾವು ಕಸ ಹೂಳಿದ ಹಾಗೆ ಸದ್ದಿಲ್ಲದೆ ಹೂಳಿದೆವು.

ಆಮೇಲೆ ನಾನೂ ಅವ್ವನೂ ಆ ದಿನದ ಮಾತೆತ್ತಲಿಲ್ಲ. ನಾನು ಹಾಡು ಮಾಡುತ್ತಾ ಹೋದೆ. ಒಂದರಲ್ಲಿ ಪ್ರೆಸ್ಸಿನ 'ಢಮ್' ಇದೆ, ಊಟದ ಬಿಡುವಿನಲ್ಲಿ ಫೋನಿನಲ್ಲಿ ಹಿಡಿದದ್ದು. ಇನ್ನೊಂದರಲ್ಲಿ ಗಿಟಾರಿನ ಸದ್ದನ್ನು ಒಡೆದು ಚೂರು ಮಾಡುವ ಪೆಡಲ್ಲಿನ ಜೊತೆಗೆ ಅಟ್ಟದ ಕಾಯಿಗಳನ್ನು ಅಲ್ಲಾಡಿಸಿದ್ದೇನೆ, ಹಸಿಕಾಯಿ ಒಂದು ಕಡೆ, ಗಿಟುಕು ಇನ್ನೊಂದು ಕಡೆ. ಆಲ್ಬಮ್ಮಿನ ಹೆಸರೂ 'ಗಿಟುಕು'. ಏಳನೆಯದು ದೊಡ್ಡವ್ವನಿಗೆ ನಾನು ಅಳಬೇಕಾಗಿದ್ದ ಅಳು. ಅದೊಂದು ಆಗದೆ ಉಳಿದದ್ದೆಲ್ಲ ನನಗೆ ಸುಮ್ಮನೆ ಸದ್ದು.

ರೆಕಾರ್ಡ್ ಮಾಡಿಸಲು ತುಮಕೂರಿನ ಒಂದು ಸ್ಟುಡಿಯೋಗೆ ಹೋದೆ. ಅಲ್ಲಿನವರು ದೇವರ ಹಾಡುಗಳಲ್ಲಿ ಪಳಗಿದ ಕೈ. ಒಳ್ಳೆಯ ಮನುಷ್ಯರೇ. ಮೊದಲ ಆರು ಹಾಡು ಕೇಳಿ ಹುಬ್ಬೇರಿಸಿದರೂ ತಲೆಯಾಡಿಸಿದರು. ಏಳನೆಯದು ಅರ್ಧವಾಗುವಷ್ಟರಲ್ಲಿ ಕೈಯೆತ್ತಿದರು.

"ಮೇಡಂ, ಆರು ನಿಮಿಷ ಅಳೋದನ್ನ ಯಾರ್ ಕೇಳ್ತಾರೆ? ಮೂರೂವರೆಗೆ ಇಳಿಸಿ. ಆ ಅಳೋದ್ ತೆಗೆದು ಒಂದ್ ಆಲಾಪ ಹಾಕೋಣ, ಜೊತೆಗೊಂದು ಕೊಳಲು."

"ಕೊಳಲು ಬ್ಯಾಡ ಸಾರ್."

"ಮತ್ತೆ ಇದು ರಾಕೂ ಅಲ್ಲ, ಜಾನಪದಾನೂ ಅಲ್ಲ. ಯಾವ ಖಾನೆಗೆ ಹಾಕ್ತೀರ?"

"ಸಾವಿಗೆ ಯಾವ ಖಾನೆ ಸಾರ್?" ಅಂದೆ. ಅವರು ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ, "ಎಕೋ ಆದ್ರೂ ಹಾಕ್ತೀನಿ ತಗೊಳಿ, ದೊಡ್ ಹಾಲಿನ ಥರ ಕೇಳ್ತದೆ" ಅಂದರು. ದೊಡ್ಡವ್ವ ಯಾವ ದೊಡ್ಡ ಹಾಲಿನಲ್ಲಿ ಅತ್ತಿದ್ದಳು? ಅವಳ ದನಿ ತೋಟಕ್ಕೆ ಹೋಗಿ ಮರಗಳಿಗೆ ತಾಗಿ ವಾಪಸ್ ಬರುತ್ತಿತ್ತು. ನನಗೆ ಬೇಕಾಗಿದ್ದ ಎಕೋ ಅದೇ. ನಮಸ್ಕಾರ ಹೇಳಿ ಮೈಕಿನ ಚೀಲ ಹೊತ್ತುಕೊಂಡು ಮನೆಗೆ ಬಂದೆ.

ಮುಂದಿನ ಭಾನುವಾರ ಅವ್ವ ಬೆಳಿಗ್ಗೆಯೇ ಗುಬ್ಬಿಗೆ ಹೋದಳು, ನೆಂಟರ ಮನೆಯ ಗೃಹಪ್ರವೇಶಕ್ಕೆ ಸೀರೆ ಕೊಳ್ಳಲು. ಫೋನನ್ನು ಎಂದಿನಂತೆ ಮನೆಯಲ್ಲೇ ಬಿಟ್ಟುಹೋಗಿದ್ದಳು. ಕರೆಂಟಿತ್ತು. ಸ್ಪೀಕರನ್ನು ಅಂಗಳದಲ್ಲಿಟ್ಟು ತೋಟದ ಕಡೆ, ದೊಡ್ಡವ್ವನನ್ನು ಹೂಳಿದ ದಿಕ್ಕಿಗೆ ತಿರುಗಿಸಿದೆ. ಸದ್ದು ಅಲ್ಲಿಗೆ ಹೋಗಿ ಬರುವುದನ್ನು ಹಿಡಿಯಲು ಒಂದು ಮೈಕನ್ನು ಅಟ್ಟದ ಕಿಟಕಿಗೆ ಕಟ್ಟಿದೆ. ನಾನೂ ಅಟ್ಟ ಹತ್ತಿ, ಇನ್ನೊಂದು ಮೈಕು ಮುಂದಿಟ್ಟುಕೊಂಡು ಕಾಯಿಗಳ ನಡುವೆ ಗೋಡೆಗೆ ಮುಖ ಮಾಡಿ ಕೂತೆ. ಸದ್ದು ಜೋರಾಗುತ್ತದಲ್ಲ ಎಂದು ಕಾರ್ಖಾನೆಯ ಹಳದಿ ಬಿರಡೆಗಳನ್ನು ಕಿವಿಗೆ ತುರುಕಿಕೊಂಡೆ. ಎಂಥ ಬುದ್ಧಿವಂತಿಕೆ! ನನ್ನ ಕಿವಿ ಕಾಪಾಡಿಕೊಂಡು ಊರಿನ ಕಿವಿಗೆ ಸಾವು ಬಿಟ್ಟೆ.

ಕಣ್ಣು ಮುಚ್ಚಿ ಅತ್ತೆ. "ನಮ್ಮನ್ ಬುಟ್ಟು ಎಲ್ಲೋದ್ಯವ್ವಾ, ನನ್ನೆತ್ತಾಡ್ಸಿದವ್ವಾ" ಅಂತ ಶುರು ಮಾಡಿದ್ದು ನೆನಪಿದೆ. ಸರಿಯಾಗಿ ಬರಲಿಲ್ಲ ಅಂತ ಮತ್ತೆ ಶುರು ಮಾಡಿದೆ, ಇನ್ನೊಂದು ಸಲ, ಮತ್ತೊಂದು ಸಲ. ಹೆಚ್ಚುಕಮ್ಮಿ ಒಂದೂವರೆ ಗಂಟೆ.

ಊರಿನ ಲೆಕ್ಕಾಚಾರ ಸರಳವಾಗಿತ್ತು. ಆ ಮನೆಯಲ್ಲಿರುವುದು ಇಬ್ಬರು. ಮಗಳು 'ಅವ್ವಾ' ಅಂತ ಅಳುತ್ತಿದ್ದಾಳೆ. ಅಂದ ಮೇಲೆ ಹೋಗಿರುವುದು ಅವ್ವ. ಮೈಕು ಯಾಕೆ ಹಾಕಿದಾಳೆ ಅಂತ ಒಬ್ಬರಿಗೂ ಅನಿಸಲಿಲ್ಲವೇ ಅಂತ ಆಮೇಲೆ ಕೇಳಿದೆ. "ಈಗೆಲ್ಲಾ ಎಲ್ಲದಕ್ಕೂ ಮೈಕ್ ಹಾಕ್ತಾರಲ್ಲಮ್ಮ" ಅಂದರು. ಯಾರೋ ಕುಣಿಗಲ್ಲಿಗೆ ಫೋನು ಮಾಡಿ ಮಾವನಿಗೂ ಹೇಳಿದ್ದರು. ಮಾವ ಕೆರೆ ಏರಿಯ ಹತ್ತಿರ ಗಾಡಿ ನಿಲ್ಲಿಸಿ ಆಳುದ್ದದ ಹಾರ ಕೊಂಡು ಹೊರಟಿದ್ದರು.

ಬಿರಡೆ ತೆಗೆದು ಏಣಿ ಇಳಿದರೆ ಅಂಗಳದಲ್ಲಿ ನಲವತ್ತು ಜನ. ಇಬ್ಬರು ಬಿದಿರು ತಂದು ಗೋಡೆಗೆ ಒರಗಿಸಿದ್ದರು. ಪಕ್ಕದ ತೋಟದವರು ಅನ್ನ ಸಾರಿನ ಪಾತ್ರೆ ಹಿಡಿದು ನಿಂತಿದ್ದರು. ನನ್ನ ಕೊರಳಲ್ಲಿ ಕೆಂಪು ಗಿಟಾರು. ನಾನು "ಬನ್ನಿ" ಅಂದೆ.

ಅದೇ ಹೊತ್ತಿಗೆ ಗೇಟಿನಲ್ಲಿ ಆಟೋ ನಿಂತಿತು. ಸೀರೆಯ ಚೀಲ ಹಿಡಿದು ಅವ್ವ ಇಳಿದಳು. ಜನ ನೋಡಿದಳು, ಬಿದಿರು ನೋಡಿದಳು. ಗೇಟಿನ ಹತ್ತಿರ ಇದ್ದವರನ್ನು "ಯಾರ್ ಹೋದ್ರಪ್ಪಾ?" ಅಂತ ಕೇಳಿದಳು. ಅವರು ಬಾಯಿ ತೆರೆದವರು ತೆರೆದೇ ನಿಂತರು. ಆಗ ಅವ್ವನ ಮುಖ ಬದಲಾದದ್ದನ್ನು ನಾನು ಕಂಡೆ. ಅವ್ವನಿಗೂ ಅದೇ ಲೆಕ್ಕ. ಮನೆಯಲ್ಲಿರುವುದು ಇಬ್ಬರು, ಒಬ್ಬಳು ತಾನು. ಗೇಟಿನಲ್ಲೇ ಕೂತುಬಿಟ್ಟಳು. ನಾನು ಓಡಿಹೋಗಿ ಎದುರು ನಿಂತೆ. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಎದ್ದು, ಕೆನ್ನೆಗೆ ಒಂದು ಬಿಟ್ಟಳು. ನಲವತ್ತು ಜನರೆದುರು, ಮೂವತ್ತೈದು ವರ್ಷದ ಮಗಳಿಗೆ. ಅದೊಂದು ಏಟಿನ ಬಗ್ಗೆ ನನ್ನ ತಕರಾರಿಲ್ಲ.

ಆಮೇಲೆ ಎದ್ದದ್ದು ಸ್ನಾನದ ಪ್ರಶ್ನೆ. ಮೈಲಿಗೆಯಾಯಿತೇ ಇಲ್ಲವೇ?

"ಸತ್ತೇ ಇಲ್ಲ ಅಂದ್ಮ್ಯಾಲೆ ಮೈಲ್ಗೆ ಎಲ್ಲಿಂದ ಬಂತ್ಲಾ?"

"ಅಳು ಕೇಳಿ ಬಂದಿದೀವಿ ಕಣೋ. ಹಂಗೇ ಮನೆಗೆ ಹೋದ್ರೆ ನನ್ ಹೆಂಡ್ತಿ ಒಳೀಕ್ ಬುಟ್ಕಳಲ್ಲ."

ಅರ್ಧ ಗಂಟೆ ಇದೇ ಚರ್ಚೆ. ನಗು ಬಂದು ಕೆನ್ನೆಯ ಉರಿ ಮರೆತೆ. ಆಗ ಎದುರುಮನೆಯ ಅಜ್ಜಿ, ದೊಡ್ಡವ್ವನ ಜೊತೆ ಸಾವಿನ ಮನೆಗಳಿಗೆ ಹೋಗಿ ಅವಳಿಗೆ ದನಿಗೂಡಿಸುತ್ತಿದ್ದವಳು, ಕೋಲೂರಿಕೊಂಡು ನನ್ನೆದುರು ಬಂದು ನಿಂತಳು.

"ನಿಮ್ಮವ್ವ ಬದ್ಕವ್ಳೆ. ಮತ್ಯಾರ್ಗೆ ಮಗಾ ನೀನತ್ತಿದ್ದು?"

"ದೊಡ್ಡವ್ವಂಗೆ."

ಅವಳನ್ನು ಹೂಳಿದ ದಿನ ಬರಬೇಕಾಗಿದ್ದವರೆಲ್ಲ ಅಂಗಳದಲ್ಲೇ ಇದ್ದರು. ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂತಿದ್ದವರು, ಆಮೇಲೆ ಸಿಕ್ಕಾಗ ಮುಖ ತಿರುಗಿಸಿಕೊಂಡು ಹೋದವರು.

"ಹಂಗಾದ್ರೆ ಅದು ಸುಳ್ ಅಳು ಅಲ್ಲ ಬುಡು" ಅಂದಳು ಅಜ್ಜಿ. ಜಗುಲಿಯ ಮೇಲೆ ಕೂತು ಸೆರಗು ಬಾಯಿಗಿಟ್ಟು ಸಣ್ಣಗೆ ಶುರು ಮಾಡಿದಳು. "ಊರ್ ಹೆಣಕ್ಕೆಲ್ಲಾ ದನಿ ಕೊಟ್ಟೆ, ನಿನ್ ಹೆಣಕ್ಕೆ ದನಿ ಇಲ್ದಂಗಾಯ್ತಲ್ಲೇ ನನ್ ಜತ್ಗಾತೀ." ಒಬ್ಬೊಬ್ಬರಾಗಿ ಹೆಂಗಸರು ಕೂತರು, ದನಿ ಸೇರಿತು. ಗಂಡಸರು ಟವೆಲ್ಲು ಮುಖಕ್ಕೆ ಹಿಡಿದರು. ಅಟ್ಟದ ಕಿಟಕಿಯ ಮೈಕು ಆರಿಸಿರಲಿಲ್ಲ. ನಾನು ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತೆ, ಆ ಅಳುವಿಗೆ ರಾಗವಿರಲಿಲ್ಲ. ಅವ್ವ ಮಾತ್ರ ಸೀರೆಯ ಚೀಲ ಎದೆಗೆ ಅವುಚಿಕೊಂಡು ಒಣಗಣ್ಣಿನಲ್ಲಿ ನಿಂತಿದ್ದಳು.

ಮುಗಿದ ಮೇಲೆ ಎಲ್ಲರೂ ನಮ್ಮ ಬೋರ್‌ವೆಲ್ಲಿನ ತೊಟ್ಟಿಯ ಹತ್ತಿರ ಸಾಲುಗಟ್ಟಿ ತಲೆಗೆ ನೀರು ಹುಯ್ದುಕೊಂಡರು. ಈಗ ಯಾರೂ ವಾದ ಮಾಡಲಿಲ್ಲ. ಅನ್ನ ಸಾರನ್ನು ನಾನು ಎರಡು ಸಲ ಬಡಿಸಿಕೊಂಡೆ. ಅಜ್ಜಿಯನ್ನು ಕೇಳಿದೆ, ನಿನ್ನ ದನಿಯೂ ಹಿಡಿದುಕೊಂಡಿದೆ, ಹಾಡಿಗೆ ಹಾಕಿಕೊಳ್ಳಲಾ ಅಂತ. "ನಂದೇನೈತೆ, ಅವ್ಳ್ದು ಅವ್ಳಿಗೆ. ಹಾಕ್ಕೋ" ಅಂದಳು. ಆರು ನಿಮಿಷದ ಹಾಡು ಒಂಬತ್ತಾಯಿತು.

ಮಾವ ತಲುಪಿದ್ದು ಅಷ್ಟೊತ್ತಿಗೆ. ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ತುಳಸಿಕಟ್ಟೆಯ ಪಕ್ಕ ಎಸೆದು ನನ್ನ ಮೇಲೆ ಹರಿಹಾಯ್ದರು. "ಬದ್ಕಿರೋ ಮನೇಲಿ ಅಳ್ತಾರೇನೇ? ಅತ್ತ ಮನೇಲಿ ಮೂರ್ ತಿಂಗಳೊಳಗೆ ಒಂದ್ ಹೆಣ ಬೀಳ್ತದೆ ಅಂತಾರೆ. ನಿಮ್ಮವ್ವನ್ನ ತಿಂದ್ಕೋಬೇಕು ಅಂತಿದೀಯಾ? ಅದನ್ನ ಅಳಿಸ್ಹಾಕು. ಮಠಕ್ಕೆ ಹೋಗಿ ಶಾಂತಿ ಮಾಡ್ಸೋಣ."

"ಶಾಂತಿ ಮಾಡ್ಸಿ ಮಾವ. ಹಾಡು ಅಳಿಸಲ್ಲ."

"ಅಕ್ಕ, ನೀನೇ ಹೇಳು ಇವ್ಳಿಗೆ."

ಅವ್ವ ಸೀರೆಯ ಚೀಲ ಹಿಡಿದು ಒಳಗೆ ಹೋದಳು. ನಿಜ ಹೇಳುತ್ತೇನೆ, ನನ್ನ ಜಂಬವೆಲ್ಲ ಅಲ್ಲಿಗೆ ಇಳಿಯಿತು. ಮಾವ ಹೇಳಿದರೆಂದು, ಸ್ಟುಡಿಯೋದವರು ಹೇಳಿದರೆಂದು ನಾನು ಒಂದು ಉಸಿರನ್ನೂ ತೆಗೆಯುತ್ತಿರಲಿಲ್ಲ. ಆದರೆ ಅವ್ವ ಒಂದು ಮಾತು ಹೇಳಿದ್ದರೆ? ಆ ಮೂಢಮಾತನ್ನು ನಾನು ನಂಬುವುದಿಲ್ಲ. ಅವ್ವ ನಂಬಿ ಮೂರು ತಿಂಗಳು ದಿನ ಎಣಿಸುತ್ತಾ ಕೂತರೆ? ಹಾಡು ತೆಗೆದರೆ ದೊಡ್ಡವ್ವನ ಬಾಯಿಗೆ ಎರಡನೆಯ ಸಲ ಮಣ್ಣು ಹಾಕಿದ ಹಾಗೆ, ತೆಗೆಯದಿದ್ದರೆ ಅವ್ವನ ನೆಮ್ಮದಿಗೆ. ಮೂರು ದಿನ ಪ್ರೆಸ್ಸಿನ ಮುಂದೆ ನಿಂತು ಇದನ್ನೇ ಯೋಚಿಸಿದೆ. ಅವ್ವ ಮುದ್ದೆ ಇಕ್ಕುತ್ತಿದ್ದಳು, ಮಾತಾಡುತ್ತಿರಲಿಲ್ಲ.

ನಾಲ್ಕನೆಯ ದಿನ ಸಂಜೆ ಕೆಲಸದಿಂದ ಬಂದಾಗ ಅವ್ವ ಜಗುಲಿಯಲ್ಲಿ ಕಾಯುತ್ತಿದ್ದಳು. "ಅದೇನ್ ಮಾಡಿದೀಯೋ ಕೇಳ್ಸು" ಅಂದಳು. ಹೆಡ್‌ಫೋನು ಹಾಕಿಕೊಟ್ಟೆ. ಒಂಬತ್ತು ನಿಮಿಷ ಕದಲದೆ ಕೇಳಿ, ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಚೆನ್ನಾಗೈತೆ. ಆದ್ರೆ ತಪ್ಪಾಗೈತೆ."

"ಏನವ್ವ ತಪ್ಪು?"

"ನಮ್ಮಕ್ಕ ಹಿಂಗೆ ಅಳ್ತಿದ್ಲೇನೇ? ಎಲ್ಲಾ ಬರೀ ಹೊಗಳಿದೀರ. ಬೈಗುಳ ಎಲ್ಲೈತೆ? ನಾನ್ ನಿನ್ ಬಾಯ್ ಮುಚ್ಚಿದ್ನಲ್ಲ, ಅದನ್ನ್ಯಾಕೆ ಹೇಳಿಲ್ಲ?"

ಅವ್ವ ನನ್ನ ಉತ್ತರಕ್ಕೆ ಕಾಯಲಿಲ್ಲ. ಮಂಡಿನೋವೆಂದು ಎರಡು ವರ್ಷದಿಂದ ಅಟ್ಟ ಹತ್ತದವಳು ಸೀರೆ ಎತ್ತಿಕಟ್ಟಿ ಏಣಿ ಹತ್ತಿದಳು. ನಾನು ಹಿಂದೆಯೇ ಹೋಗಿ ಮೈಕು ಸರಿ ಮಾಡಿದೆ. ಕಾಯಿಗಳ ನಡುವೆ ಕೂತು ಒಂದು ಗಿಟುಕನ್ನು ಕೈಗೆತ್ತಿಕೊಂಡು ಅಲ್ಲಾಡಿಸಿ ನೋಡಿದಳು. ಆಮೇಲೆ ಶುರು ಮಾಡಿದಳು. "ಮಗ್ಳ ಬಾಯಿಗ್ ಕೈಯಿಟ್ಟೆ ಕಣಕ್ಕಾ, ನಿನ್ ಸಾವಿಗ್ ಬೀಗ ಹಾಕ್ದೆ ಕಣಕ್ಕಾ. ಹೆದ್ರಿ ನಿಂತೆ, ಹೇಡಿ ಹಂಗ್ ನಿಂತೆ, ನನ್ ಬೈಯೋಕೂ ನೀನಿಲ್ವಲ್ಲಕ್ಕಾ." ಎರಡೇ ನಿಮಿಷ. ನಾನು ಗಿಟಾರು ಮುಟ್ಟಲಿಲ್ಲ. ಇಳಿಯುವಾಗ ಅವ್ವನ ಕೈ ಹಿಡಿದುಕೊಂಡೆ, ಅದೇ ಕೈ.

ಹೀಗೆ ಹಾಡು ಹನ್ನೊಂದು ನಿಮಿಷವಾಯಿತು. ಕಮ್ಮಿ ಮಾಡು ಅಂದಷ್ಟೂ ಬೆಳೆಯಿತು. ಆಲ್ಬಮ್ಮಿನ ಎಂಟೂ ಹಾಡುಗಳನ್ನು ನಾನೇ ನೆಟ್ಟಿಗೆ ಹಾಕಿದೆ, ಯಾವ ಕಂಪನಿಯನ್ನೂ ಕೇಳದೆ. ಕೆಲವರು ಇದು ಸಂಗೀತವೇ ಅಂತ ಕೇಳಿ ಬರೆದರು. ಕೆಲವರು ತಮ್ಮ ಮನೆಯಲ್ಲಿ ಆ ವರ್ಷ ಅಳದೆ ಉಳಿದವರ ಹೆಸರು ಬರೆದರು. ಸ್ಟುಡಿಯೋದವರು ಫೋನು ಮಾಡಿ, "ಪೂರ್ತಿ ಕೇಳ್ದೆ ಮೇಡಂ" ಅಂದು ಇಟ್ಟರು. ಮಾವ, ನಿಮ್ಮ ಮನೆ ಮೆಟ್ಟಿಲು ಹತ್ತುವುದಿಲ್ಲ ಅಂತ ಹೇಳಿ ಕಳಿಸಿದರು.

ಮೂರು ತಿಂಗಳು ತುಂಬಿದ ಬೆಳಿಗ್ಗೆ ನಾನು ಸ್ಕೂಟರು ತೆಗೆಯುತ್ತಿದ್ದಾಗ ಅವ್ವ ಬಾಗಿಲಿಗೆ ಬಂದಳು. ದಿನ ಎಣಿಸಿದ್ದಳು ಅಂತ ಆಗಲೇ ಗೊತ್ತಾದದ್ದು.

"ನಿಮ್ಮ್ ಮಾವಂಗೆ ಫೋನ್ ಮಾಡು. ನಿಮ್ಮಕ್ಕ ಬದ್ಕವ್ಳೆ, ಬೆಳಗ್ಗೆ ಮೂರ್ ದೋಸೆ ತಿಂದ್ಲು ಅಂತ ಹೇಳು."

ನಗುತ್ತಾ ಹೆಲ್ಮೆಟ್ ಹಾಕಿಕೊಂಡೆ. ಅವಳು ಹೋಗಲಿಲ್ಲ.

"ನಾನ್ ಹೋದಾಗ್ಲೂ ಹಂಗೇ ಅಳ್ತೀಯೇನೇ? ಊರೆಲ್ಲಾ ಬರೋ ಹಂಗೆ?"

"ಅಳ್ತೀನಿ. ಬೈತೀನಿ ಕೂಡ."

"ಬೈ. ಆದ್ರೆ ಅವತ್ತು ಕರೆಂಟ್ ಇಲ್ದಿದ್ರೆ?"

"ಬಾಯೈತಲ್ಲವ್ವ" ಅಂದೆ.